ವಿದ್ಯುತ್ ಲಾರಿಗಳ ಗಾಳಿತಿದಿ: ಸೋರಿಕೆಯ ಪರೀಕ್ಷೆಯೂ ದುರಸ್ತಿಯ ವೆಚ್ಚವೂ

ಬೆಳೆದ ಬೆಳೆಯನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದೂ ಬೇಸಾಯದ ಒಂದು ಅಂಗವೇ ಆಗಿದೆ. ಹೊಲದಲ್ಲಿ ತಿಂಗಳುಗಟ್ಟಲೆ ಪಟ್ಟ ಶ್ರಮವು ರಸ್ತೆಯ ಮೇಲೆ ಕೆಲವೇ ಗಂಟೆಗಳಲ್ಲಿ ವ್ಯರ್ಥವಾಗುವುದುಂಟು. ಕನಕಪುರ, ಹಾರೋಹಳ್ಳಿ, ಆನೇಕಲ್ ಕಡೆಗಳಿಂದ ತರಕಾರಿ, ಸೊಪ್ಪು, ಹಣ್ಣು ಮೊದಲಾದುವು ಬೆಳಗಿನ ಜಾವದಲ್ಲಿ ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಗೂ, ಕಲಾಸಿಪಾಳ್ಯಕ್ಕೂ, ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಂಗಡಿಗಳಿಗೂ ಬರುತ್ತವೆ. ಈ ಸಾಗಾಣಿಕೆಗೆ ವಿದ್ಯುಚ್ಛಕ್ತಿಯಿಂದ ನಡೆಯುವ ಗಾಡಿಗಳನ್ನು ಕೊಳ್ಳಬೇಕೆಂಬ ಯೋಚನೆಯು ರೈತರ ಸಂಘಗಳಲ್ಲಿಯೂ ಸಾಗಾಣಿಕೆದಾರರಲ್ಲಿಯೂ ಹುಟ್ಟಿದೆ. ಅಂತಹ ಗಾಡಿಗಳಲ್ಲಿ ದೊಡ್ಡವು ಕೆಲವು ಉಕ್ಕಿನ ಕಮಾನು ಪಟ್ಟಿಗಳಿಗೆ ಬದಲಾಗಿ ಗಾಳಿಯ ತಿದಿಗಳ ಮೇಲೆ ನಿಲ್ಲುತ್ತವೆ. ಈ ತಿದಿಗಳಿಂದ ಸರಕಿಗೆ ಹಿತವುಂಟು. ಆದರೆ ಗಾಳಿ ಸೋರಲಾರಂಭಿಸಿದರೆ ಆಗುವ ವೆಚ್ಚವು ಎಷ್ಟು, ಅದು ಎಲ್ಲಿಂದ ಬರುತ್ತದೆ, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಸಾಲಮಾಡಿ ಗಾಡಿ ಕೊಳ್ಳುವವರು ಮೊದಲೇ ತಿಳಿದಿರುವುದು ಅವಶ್ಯಕ.

೧. ಗಾಳಿತಿದಿ ಎಂದರೇನು

ಕಬ್ಬಿಣದ ಹಳಿಯ ಎತ್ತಿನ ಗಾಡಿಗೂ ಟೈರು ಗಾಡಿಗೂ ಇರುವ ವ್ಯತ್ಯಾಸವು ಎಲ್ಲ ರೈತರಿಗೂ ತಿಳಿದದ್ದೇ. ೧೮೮೮ರಲ್ಲಿ ಡನ್‌ಲಪ್ ಎಂಬಾತನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದಂದಿನಿಂದ ಗಾಳಿಯು ಚಕ್ರಕ್ಕೆ ಮೆತ್ತೆಯಾಗಿ ಕೆಲಸ ಮಾಡುತ್ತ ಬಂದಿದೆ. ಅದೇ ಗಾಳಿಯನ್ನು ಅಚ್ಚಿಗೂ ಗಾಡಿಯ ಮೈಕಟ್ಟಿಗೂ ನಡುವೆ ಇಟ್ಟರೆ ಅದು ಗಾಳಿತಿದಿಯಾಗುತ್ತದೆ. ಅಮೆರಿಕಾ ದೇಶದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯವರು ೧೯೫೩ರಲ್ಲಿ ತಮ್ಮ ಬಸ್ಸುಗಳಿಗೆ ಇದನ್ನು ಅಳವಡಿಸಿದ ಬಳಿಕ ಇದರ ಬಳಕೆ ಹಬ್ಬಿತು.

ಕಮ್ಮಾರನ ತಿದಿಯಂತೆಯೇ ಮಡಿಕೆಯುಳ್ಳ ಈ ರಬ್ಬರಿನ ಚೀಲವನ್ನು ಗ್ಯಾರೇಜಿನವರು ‘ಬೆಲ್ಲೋ’ ಎಂದು ಕರೆಯುವರು. ರಬ್ಬರಿನ ಪದರಗಳ ನಡುವೆ ಬಲವಾದ ನೂಲಿನ ಹೆಣಿಗೆ ಇರುತ್ತದೆ. ಕಂಪ್ರೆಸರು ಗಾಳಿಯನ್ನು ಒತ್ತಿ ಕಳುಹಿಸುವುದು. ‘ಏರ್ ಡ್ರೈಯರ್’ ಎಂಬ ಭಾಗವು ಅದರಲ್ಲಿನ ತೇವವನ್ನು ಹೀರಿಕೊಳ್ಳುವುದು. ಬಳಿಕ ಗಾಳಿಯು ಟ್ಯಾಂಕಿನಲ್ಲಿ ಸಂಗ್ರಹವಾಗುವುದು. ಟ್ಯಾಂಕಿನಿಂದ ತಿದಿಗೆ ಹೋಗುವ ದಾರಿಯಲ್ಲಿ ಮಟ್ಟ ಕಾಯುವ ವಾಲ್ವೊಂದು ಇರುತ್ತದೆ. ಅನೇಕ ಗಾಡಿಗಳಲ್ಲಿ ಇದರ ಕಡ್ಡಿಯು ಅಚ್ಚಿಗೆ ಜೋಡಿಸಲ್ಪಟ್ಟಿರುವುದರಿಂದ, ಸರಕು ಹೇರಿ ಗಾಡಿ ತಗ್ಗಿದೊಡನೆ ಕಡ್ಡಿ ತಿರುಗಿ ತಿದಿಗೆ ಗಾಳಿ ಬಿಡುತ್ತದೆ. ಸರಕು ಇಳಿಸಿ ಗಾಡಿ ಮೇಲೆದ್ದರೆ ಹೆಚ್ಚಿನ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಆದಕಾರಣ ಬರಿದಾದ ಗಾಡಿಯೂ ತುಂಬಿದ ಗಾಡಿಯೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ.

ಇದರಿಂದ ಸರಕಿಗೆ ಏನು ಲಾಭ? ಉಕ್ಕಿನ ಪಟ್ಟಿಯನ್ನು ಪೂರ್ಣ ಭಾರಕ್ಕೆ ತಕ್ಕಂತೆ ಮಾಡಿರುತ್ತಾರೆ. ಆದುದರಿಂದ ಅರ್ಧ ಭಾರ ಹೇರಿದ ದಿನ ಅದು ಬಿರುಸಾಗಿಯೇ ಇದ್ದು, ಪ್ರತಿಯೊಂದು ಉಬ್ಬಿನ ಪೆಟ್ಟನ್ನೂ ಕ್ರೇಟುಗಳಿಗೆ ಮುಟ್ಟಿಸುತ್ತದೆ. ಕ್ರೇಟಿನಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನ ಹಣ್ಣುಗಳ ಮೇಲೆ ಯಾವ ಒತ್ತೂ ಇಲ್ಲದಿರುವುದರಿಂದ ಅವು ಎದ್ದು ಬಿದ್ದು ತಮ್ಮ ಕೆಳಗಿನವುಗಳನ್ನು ಜಜ್ಜುತ್ತವೆ. ಗಾಳಿತಿದಿಯು ಭಾರಕ್ಕೆ ತಕ್ಕ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಅರ್ಧ ಹೇರಿನಲ್ಲಿಯೂ ಮೃದುವಾಗಿರುತ್ತದೆ. ಟೊಮ್ಯಾಟೊ, ದ್ರಾಕ್ಷಿ, ಪಪ್ಪಾಯಿ, ಸಪೋಟ, ಗುಲಾಬಿ ಮೊದಲಾದ ಸೂಕ್ಷ್ಮ ಪದಾರ್ಥಗಳಿಗೆ ಇದರ ಪ್ರಯೋಜನ ಹೆಚ್ಚು.

೨. ವಿದ್ಯುತ್ ಗಾಡಿಯಲ್ಲಿನ ವಿಶೇಷ

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯವರು ೨೦೧೪ರಲ್ಲಿ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಒಂದು ವಿದ್ಯುತ್ ಬಸ್ಸನ್ನು ಪರೀಕ್ಷಾರ್ಥವಾಗಿ ಓಡಿಸಿದರು. ಆಮೇಲೆ ೨೦೨೧ರಿಂದ ಈಚೆಗೆ ಇಂತಹ ಬಸ್ಸುಗಳು ಕ್ರಮವಾಗಿ ಸೇವೆಗೆ ಬಂದಿವೆ. ೨೦೨೩ರ ಡಿಸೆಂಬರಿನಲ್ಲಿ ಒಂದೇ ಸಲಕ್ಕೆ ೧೦೦ ಬಸ್ಸುಗಳನ್ನು ರಸ್ತೆಗಿಳಿಸಲಾಯಿತು. ನೆಲಮಟ್ಟ ತಗ್ಗಾಗಿರುವ ಬಸ್ಸೊಂದು ನಿಲ್ದಾಣದಲ್ಲಿ ನಿಂತಾಗ ‘ಸುಯ್’ ಎಂಬ ಸದ್ದಿನೊಡನೆ ಬಾಗಿಲ ಕಡೆಗೆ ಬಾಗುವುದನ್ನು ಅನೇಕರು ನೋಡಿರಬಹುದು. ಅದು ತಿದಿಯಿಂದ ಬೇಕೆಂದೇ ಬಿಟ್ಟ ಗಾಳಿ. ಬೇಡದಿರುವಾಗ ಹೊರಡುವ ಅದೇ ಸದ್ದು ಸೋರಿಕೆಯ ಗುರುತು.

ಡೀಸೆಲ್ ಲಾರಿಯಲ್ಲಿ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸುತ್ತದೆ. ಎಂಜಿನ್ ಓಡುತ್ತಿರುವವರೆಗೂ ಗಾಳಿ ದೊರೆಯುತ್ತಿರುವುದರಿಂದ ಸಣ್ಣ ಸೋರಿಕೆಯು ಬಹುಕಾಲ ಯಾರ ಗಮನಕ್ಕೂ ಬಾರದು. ವಿದ್ಯುತ್ ಲಾರಿಯಲ್ಲಿ ಕಂಪ್ರೆಸರಿಗೆ ಪ್ರತ್ಯೇಕವಾದ ಮೋಟರ್ ಉಂಟು. ಟ್ಯಾಂಕಿನ ಒತ್ತಡವು ಗೊತ್ತಾದ ಮಟ್ಟಕ್ಕೆ ಇಳಿದಾಗ ಅದು ತಾನಾಗಿ ಪ್ರಾರಂಭವಾಗಿ, ತುಂಬಿದ ಮೇಲೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ದುಡಿದು ಹೆಚ್ಚು ಹೊತ್ತು ವಿರಮಿಸುವಂತೆ ಇಂತಹ ಅನೇಕ ಕಂಪ್ರೆಸರುಗಳನ್ನು ರಚಿಸಿರುತ್ತಾರೆ. ಸೋರಿಕೆಯಾದಾಗ ವಿರಾಮ ತಪ್ಪಿ ಅದು ಕಾಯುತ್ತದೆ. ವಿದ್ಯುತ್ ಗಾಡಿಯ ಒಂದು ಅನುಕೂಲವೆಂದರೆ ನಿಂತಾಗ ಅದು ನಿಶ್ಶಬ್ದವಾಗಿರುವುದು. ಕಿವಿಗೊಟ್ಟು ಕೇಳಿದರೆ ಸೋರುವ ಸದ್ದೂ, ಕಂಪ್ರೆಸರು ಮೇಲಿಂದ ಮೇಲೆ ಪ್ರಾರಂಭವಾಗುವುದೂ ಸ್ಪಷ್ಟವಾಗಿ ತಿಳಿಯುವುವು.

೩. ಸೋರಿಕೆಯ ಮೂಲಗಳು

ಸೋರಿಕೆ ಎಂದೊಡನೆ ತಿದಿಯೇ ಹರಿದಿದೆಯೆಂದು ತಿಳಿಯುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವು ಕೊಳವೆ ಸೇರುವ ಕೀಲುಗಳಲ್ಲಿರುತ್ತದೆ. ನೈಲಾನ್ ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ ತುರುಕಿದರೆ ಒಳಗಿನ ರಬ್ಬರ್ ಉಂಗುರವು ಸರಿಯಾಗಿ ಹಿಡಿಯದೆ ಗಾಳಿ ನುಸುಳುತ್ತದೆ. ಕೊಳವೆಯು ಚೌಕಟ್ಟಿನ ಅಂಚಿಗೆ ಉಜ್ಜಿ ಸವೆಯುವುದೂ ಉಂಟು. ಮಟ್ಟ ಕಾಯುವ ವಾಲ್ವಿನೊಳಗೆ ಧೂಳೋ ತುಕ್ಕೋ ಸೇರಿದರೆ ಅದರ ಹೊರಬಾಯಿಯಿಂದ ಸದಾ ಗಾಳಿ ಹೋಗುತ್ತಿರುತ್ತದೆ. ಏರ್ ಡ್ರೈಯರಿನ ಒಳಗಿನ ಹರಳುಗಳು ತೇವ ಹೀರುವ ಶಕ್ತಿಯನ್ನು ಕಳೆದುಕೊಂಡರೆ ನೀರು ಮುಂದಕ್ಕೆ ಸಾಗಿ ವಾಲ್ವುಗಳನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಈ ದೋಷವು ಹೆಚ್ಚು.

ತಿದಿಯು ಸಾಮಾನ್ಯವಾಗಿ ಮಡಿಕೆಯಲ್ಲಿಯೇ ಬಿರುಕು ಬಿಡುತ್ತದೆ. ಬಿಸಿಲು, ವಯಸ್ಸು, ಎಣ್ಣೆಯ ಸೋಂಕು ಇವು ರಬ್ಬರನ್ನು ಗಡುಸುಮಾಡುತ್ತವೆ. ತಿದಿಯು ಉರುಳಾಡುವ ಕೆಳಪೀಠದ ಮೇಲೆ ಮರಳು ಕೂತರೆ ಅದು ಅರದಂತೆ ರಬ್ಬರನ್ನು ತೇಯುತ್ತದೆ. ಪೆಟ್ಟು ತಡೆಯುವ ಶಾಕ್ ಅಬ್ಸಾರ್ಬರು ಕೆಟ್ಟಿದ್ದರೆ ಗಾಡಿ ಉಬ್ಬಿನಿಂದ ಇಳಿಯುವಾಗ ತಿದಿಯು ಮಿತಿಮೀರಿ ಎಳೆಯಲ್ಪಟ್ಟು ಹರಿಯುತ್ತದೆ.

ಇದಕ್ಕೆ ರಸ್ತೆಯೂ ಕಾರಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ದುಂಡನೆಯ ವೇಗತಡೆಯು ೩.೭ ಮೀಟರ್ ಅಗಲವೂ ೧೦ ಸೆಂಟಿಮೀಟರ್ ಎತ್ತರವೂ ಉಳ್ಳದ್ದಾಗಿರಬೇಕು. ಆದರೆ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಇದಕ್ಕಿಂತ ಬಹಳ ಕಿರಿದಾಗಿ ಕಡಿದಾಗಿ ಕಟ್ಟಿರುವ ಉಬ್ಬುಗಳೂ, ಕೊಳವೆಗಾಗಿ ಅಗೆದು ಅರೆಬರೆ ಮುಚ್ಚಿದ ಹಳ್ಳಗಳೂ ಇವೆ. ಇಂತಹ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಸರಕು ಇಳಿಸುತ್ತ ಹೋಗುವ ಗಾಡಿಯ ತಿದಿಯು ದಿನಕ್ಕೆ ನೂರಾರು ಬಾರಿ ಮಡಿಚಿ ಬಿಚ್ಚಿಕೊಳ್ಳುತ್ತದೆ. ನೇರವಾದ ಹೆದ್ದಾರಿಯಲ್ಲಿ ಹೆಚ್ಚು ದೂರ ಓಡುವ ಗಾಡಿಗಿಂತ ಊರೊಳಗೆ ಕಡಮೆ ದೂರ ಓಡುವ ಗಾಡಿಯ ತಿದಿಯು ಬೇಗ ಸವೆದರೆ ಆಶ್ಚರ್ಯವಿಲ್ಲ.

೪. ಸೋರಿಕೆಯಿಂದಾಗುವ ನಷ್ಟದ ಲೆಕ್ಕ

ಗಾಳಿ ಸೋರಿದರೆ ಬ್ಯಾಟರಿಯ ಶಕ್ತಿ ವ್ಯರ್ಥವಾಗುವುದೆಂಬ ಭಯವು ಸಹಜ. ಅದು ಎಷ್ಟೆಂಬುದನ್ನು ಲೆಕ್ಕಹಾಕಿ ನೋಡೋಣ. ಟ್ಯಾಂಕಿನಲ್ಲಿ ೪೦ ಲೀಟರ್ ಸ್ಥಳವಿದೆಯೆಂದೂ, ಸೋರಿಕೆಯಿಂದ ೫ ನಿಮಿಷಕ್ಕೆ ೧ ಬಾರ್ ಒತ್ತಡ ಇಳಿಯುತ್ತದೆಯೆಂದೂ ಭಾವಿಸೋಣ. ಒಂದು ಬಾರ್ ಎಂದರೆ ವಾತಾವರಣದ ಒತ್ತಡಕ್ಕೆ ಹೆಚ್ಚುಕಡಮೆ ಸಮಾನ. ಹಾಗಾದರೆ ೫ ನಿಮಿಷಕ್ಕೆ ೪೦ ಲೀಟರ್, ಅಂದರೆ ನಿಮಿಷಕ್ಕೆ ೮ ಲೀಟರ್ ಹೊರಗಾಳಿಯಷ್ಟು ಸೋರಿದಂತಾಯಿತು. ದಿನಕ್ಕೆ ೧೦ ಗಂಟೆಯ ಕೆಲಸದಲ್ಲಿ ಇದು ೪,೮೦೦ ಲೀಟರ್ ಆಗುತ್ತದೆ. ನಿಮಿಷಕ್ಕೆ ೧೫೦ ಲೀಟರ್ ಗಾಳಿ ಒತ್ತುವ, ೧.೫ ಕಿಲೋವಾಟ್ ಶಕ್ತಿಯ ಕಂಪ್ರೆಸರು ಇದನ್ನು ತುಂಬಲು ೩೨ ನಿಮಿಷ ಓಡಬೇಕು. ತಗಲುವ ವಿದ್ಯುತ್ತು ೦.೮ ಯೂನಿಟ್. ಯೂನಿಟ್ಟಿಗೆ ೮ ರೂಪಾಯಿ ಎಂದು ಇಟ್ಟುಕೊಂಡರೂ ದಿನದ ನಷ್ಟ ೬ ರೂಪಾಯಿ ೪೦ ಪೈಸೆ. ವರ್ಷಕ್ಕೆ ೩೦೦ ದಿನ ಓಡಿದರೆ ೧,೯೨೦ ರೂಪಾಯಿ.

ಈ ಮೊತ್ತವು ಅಲ್ಪವಾದುದು. ಆದುದರಿಂದಲೇ ಸೋರಿಕೆಯನ್ನು ಅಲಕ್ಷ್ಯಮಾಡುವುದು ಸುಲಭ. ಆದರೆ ಅದೇ ೫ ನಿಮಿಷಕ್ಕೊಮ್ಮೆ ಕಂಪ್ರೆಸರು ಪ್ರಾರಂಭವಾದರೆ ದಿನಕ್ಕೆ ೧೨೦ ಸಲ ಹೆಚ್ಚಾಗಿ ಪ್ರಾರಂಭವಾದಂತಾಯಿತು. ಸೋರಿಕೆಯು ನಿಮಿಷಕ್ಕೆ ೬೦ ಲೀಟರಿಗೆ ಬೆಳೆದರೆ ಕಂಪ್ರೆಸರು ಹತ್ತರಲ್ಲಿ ನಾಲ್ಕು ಪಾಲು ಹೊತ್ತು ಸೋರಿಕೆಗಾಗಿಯೇ ದುಡಿಯಬೇಕು. ಬ್ರೇಕಿಗೆ ಬೇಕಾದ ಗಾಳಿ ಇದರ ಮೇಲೆ. ಹೀಗೆ ಕಾದು ಕೆಟ್ಟ ಕಂಪ್ರೆಸರಿನ ಬೆಲೆಯ ಮುಂದೆ ಮೊದಲು ಸೋರಿದ ರಬ್ಬರ್ ಉಂಗುರದ ಬೆಲೆ ಏನೂ ಅಲ್ಲ.

ಇದಕ್ಕಿಂತಲೂ ದೊಡ್ಡ ನಷ್ಟವು ಗಾಡಿ ನಿಲ್ಲುವುದರಿಂದ ಬರುತ್ತದೆ. ೧೫ ಕಿಲೋ ತೂಕದ ೨೦೦ ಕ್ರೇಟ್ ಟೊಮ್ಯಾಟೊ ಹೇರಿದ ಗಾಡಿಯೊಂದು ಬೆಳಗಿನ ಜಾವದಲ್ಲಿ ಏಳದೆ ನಿಂತು, ಸರಕು ಮಾರುಕಟ್ಟೆಗೆ ತಡವಾಗಿ ಮುಟ್ಟಿ, ಕಿಲೋಗೆ ೪ ರೂಪಾಯಿ ಕಡಮೆ ದರ ದೊರಕಿತೆಂದು ಇಟ್ಟುಕೊಳ್ಳೋಣ. ೩,೦೦೦ ಕಿಲೋಗೆ ೧೨,೦೦೦ ರೂಪಾಯಿ ಹೋಯಿತು. ಒಂದು ಬೆಳಗಿನ ಈ ನಷ್ಟವು ಇಡೀ ವರ್ಷದ ವಿದ್ಯುತ್ ನಷ್ಟದ ಆರರಷ್ಟಕ್ಕೂ ಮಿಕ್ಕಿದೆ. ಬದಲಿ ಗಾಡಿಯ ಬಾಡಿಗೆ, ಎಳೆದೊಯ್ಯುವ ಖರ್ಚು, ನಿಂತ ದಿನದ ಸಾಲದ ಕಂತು ಇವು ಬೇರೆ. ಆದುದರಿಂದ ಸೋರಿಕೆಯ ವೆಚ್ಚವನ್ನು ಹೋದ ಗಾಳಿಯಿಂದ ಅಳೆಯದೆ, ತಡಮಾಡಿದ ದಿನಗಳಿಂದ ಅಳೆಯತಕ್ಕದ್ದು.

೫. ಪರೀಕ್ಷೆಯ ಕ್ರಮ

ಈ ಪರೀಕ್ಷೆಗಳಿಗೆ ಬೇಕಾದುದು ಒಂದು ಅಳತೆಯ ಟೇಪು, ಸೀಮೆಸುಣ್ಣ, ಸೋಪಿನ ನೀರು, ಮೃದುವಾದ ಕುಂಚ ಇಷ್ಟೇ.

ಮೊದಲನೆಯದು ರಾತ್ರಿ ಪರೀಕ್ಷೆ. ಸಂಜೆ ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಟ್ಯಾಂಕು ತುಂಬಿರುವಾಗ ನಾಲ್ಕು ಚಕ್ರಗಳ ನಡುಗುಂಬದಿಂದ ಮೇಲಿನ ಕಮಾನಿನವರೆಗೆ ಅಳೆದು ಗುರುತು ಹಾಕಬೇಕು. ಗಡಿಯಾರದಂತಿರುವ ಗೇಜಿನಲ್ಲಿ ಅಥವಾ ಫಲಕದಲ್ಲಿ ಕಾಣುವ ಒತ್ತಡವನ್ನೂ ಬರೆದಿಡಬೇಕು. ಬೆಳಿಗ್ಗೆ ಗಾಡಿಯನ್ನು ಚಾಲೂ ಮಾಡುವುದಕ್ಕೆ ಮೊದಲೇ ಎತ್ತರವನ್ನು ಮತ್ತೆ ಅಳೆಯಬೇಕು. ಒತ್ತಡವನ್ನು ಸ್ವಿಚ್ಚು ಹಾಕಿದ ಕೂಡಲೇ, ಕಂಪ್ರೆಸರು ಪ್ರಾರಂಭವಾಗುವುದರೊಳಗೆ ನೋಡಬೇಕು. ಫಲಿತಾಂಶವನ್ನು ಹೀಗೆ ತಿಳಿಯತಕ್ಕದ್ದು:

ಅ. ನಾಲ್ಕು ಮೂಲೆಗಳೂ ಸಮನಾಗಿ ಸುಮಾರು ಒಂದು ಸೆಂಟಿಮೀಟರಿನೊಳಗೆ ಇಳಿದಿದ್ದರೆ ಅದು ಸೋರಿಕೆಯಾಗಿರಬೇಕೆಂಬ ನಿಯಮವಿಲ್ಲ. ಸಂಜೆ ೩೦ ಡಿಗ್ರಿ ಇದ್ದ ಗಾಳಿಯು ಬೆಳಿಗ್ಗೆ ೧೮ ಡಿಗ್ರಿಗೆ ತಣಿದರೆ ಅದರ ಗಾತ್ರವು ನೂರಕ್ಕೆ ೪ರಷ್ಟು ಕುಗ್ಗುವುದು ಪ್ರಕೃತಿನಿಯಮ.

ಆ. ಒಂದೇ ಮೂಲೆ ಇಳಿದಿದ್ದರೆ ಆ ಮೂಲೆಯ ತಿದಿಯನ್ನಾಗಲಿ ಅದರ ಕೊಳವೆಯನ್ನಾಗಲಿ ಶಂಕಿಸಬೇಕು.

ಇ. ಒಂದೇ ವಾಲ್ವಿಗೆ ಸೇರಿದ ಎರಡು ಮೂಲೆಗಳು ಜೊತೆಯಾಗಿ ಇಳಿದಿದ್ದರೆ ವಾಲ್ವನ್ನು ಮೊದಲು ನೋಡಬೇಕು.

ಈ. ಗಾಡಿಯ ಎತ್ತರ ಹಾಗೆಯೇ ಇದ್ದು ಟ್ಯಾಂಕಿನ ಒತ್ತಡ ಮಾತ್ರ ಬಹಳ ಇಳಿದಿದ್ದರೆ ದೋಷವು ತಿದಿಯಲ್ಲಿಲ್ಲ. ಟ್ಯಾಂಕು, ಡ್ರೈಯರು, ಬ್ರೇಕಿನ ಕೊಳವೆಗಳ ಕಡೆ ಹುಡುಕಬೇಕು.

ಎರಡನೆಯದು ಸೋಪಿನ ಪರೀಕ್ಷೆ. ಒತ್ತಡ ತುಂಬಿರುವಾಗ ಪ್ರತಿ ಕೀಲು, ವಾಲ್ವಿನ ಹೊರಬಾಯಿ, ಟ್ಯಾಂಕಿನಡಿಯ ನೀರು ಬಿಡುವ ತಿರುಪು, ತಿದಿಯ ಮಡಿಕೆ ಇವುಗಳ ಮೇಲೆ ಕುಂಚದಿಂದ ಸೋಪಿನ ನೀರು ಹಚ್ಚಿ ಒಂದು ನಿಮಿಷ ಕಾಯಬೇಕು. ಗುಳ್ಳೆ ಏಳುವ ಸ್ಥಳವೇ ಸೋರುವ ಸ್ಥಳ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ ಗ್ಯಾರೇಜಿಗೆ ಕೊಂಡೊಯ್ದರೆ ಹುಡುಕುವ ಕೂಲಿಯೂ ಉಳಿಯುವುದು, ಬೇಡದ ಭಾಗವನ್ನು ಬದಲಿಸುವ ಪ್ರಸಂಗವೂ ತಪ್ಪುವುದು.

ಎಚ್ಚರಿಕೆ: ಗಾಳಿಯ ಮೇಲೆ ನಿಂತಿರುವ ಗಾಡಿಯ ಅಡಿಗೆ ಯಾರೂ ನುಸುಳಕೂಡದು. ತಿದಿಯು ಒಮ್ಮೆಗೇ ಬರಿದಾದರೆ ಮೈಕಟ್ಟು ಕುಸಿದು ಪ್ರಾಣಾಪಾಯವುಂಟು. ಚೌಕಟ್ಟಿಗೆ ಭದ್ರವಾದ ಆಧಾರ ಕೊಟ್ಟ ಮೇಲೆಯೇ ಕೆಳಗೆ ಕೆಲಸ ಮಾಡತಕ್ಕದ್ದು. ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಅವುಗಳನ್ನು ಮುಟ್ಟಲೂ ಕೂಡದು, ಅವುಗಳ ಮೇಲೆ ನೀರೆರಚಲೂ ಕೂಡದು. ಕಂಪ್ರೆಸರಿನ ಮೋಟರನ್ನು ಬಿಚ್ಚುವ ಕೆಲಸವು ತರಬೇತಾದವರಿಗೇ ಸೇರಿದ್ದು.

೬. ದುರಸ್ತಿಯ ಕ್ರಮ

ಬೆಲೆಗಳು ಗಾಡಿಯಿಂದ ಗಾಡಿಗೆ ಬೇರೆಯಾಗುತ್ತವೆ. ಆದರೆ ಅಗ್ಗದಿಂದ ತುಟ್ಟಿಗೆ ಹೋಗುವ ಕ್ರಮವು ಬಹುಮಟ್ಟಿಗೆ ಒಂದೇ. ಮೊದಲು ಕೊಳವೆಯ ತುದಿಯನ್ನು ನೇರವಾಗಿ ಕತ್ತರಿಸಿ ಮತ್ತೆ ಸೇರಿಸುವುದು, ರಬ್ಬರ್ ಉಂಗುರ ಬದಲಿಸುವುದು, ಬಳಿಕ ವಾಲ್ವಿನ ಕಡ್ಡಿಯ ಹೊಂದಾಣಿಕೆ, ಆಮೇಲೆ ಡ್ರೈಯರಿನ ಹರಳಿನ ಡಬ್ಬಿ, ವಾಲ್ವು, ತಿದಿ, ಕೊನೆಯದಾಗಿ ಕಂಪ್ರೆಸರು. ಸೋರಿಕೆಯ ಸ್ಥಳವನ್ನು ತೋರಿಸದೆ ಕಂಪ್ರೆಸರನ್ನೇ ಬದಲಿಸಬೇಕೆಂದು ಹೇಳುವ ಅಂದಾಜು ಪಟ್ಟಿಯನ್ನು ಒಪ್ಪಕೂಡದು. ಕಂಪ್ರೆಸರು ನಿಜವಾಗಿಯೂ ಕೆಟ್ಟಿದ್ದರೂ, ಅದನ್ನು ಕೆಡಿಸಿದ ಸೋರಿಕೆಯನ್ನು ಮುಚ್ಚದೆ ಹೊಸದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ. ಹೊಸ ಕಂಪ್ರೆಸರಿನ ಜೊತೆಗೆ ಡ್ರೈಯರಿನ ಡಬ್ಬಿಯನ್ನೂ ಬದಲಿಸುವುದು ಉತ್ತಮ.

ಹರಿದ ತಿದಿಗೆ ಸೈಕಲ್ ಟ್ಯೂಬಿನಂತೆ ಪಂಕ್ಚರ್ ತೇಪೆ ಹಾಕುವುದು ಸರ್ವಥಾ ಕೂಡದು. ಮಡಿಚಿ ಬಿಚ್ಚುವ ಜಾಗದಲ್ಲಿ ತೇಪೆ ನಿಲ್ಲದು. ಒಳಗಿನ ನೂಲು ಕಡಿದಿದ್ದರೆ ಹೇರಿದ ಗಾಡಿಯ ಕೆಳಗೆ ತಿದಿ ಸಿಡಿಯಬಹುದು. ಒಂದು ಅಚ್ಚಿನ ಒಂದು ತಿದಿ ವಯಸ್ಸಾಗಿ ಬಿರುಕುಬಿಟ್ಟಿದ್ದರೆ ಅದರ ಜೊತೆಯದನ್ನೂ ಪರೀಕ್ಷಿಸಿ, ಅಂತಹುದೇ ಬಿರುಕು ಕಂಡರೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಎರಡನೆಯ ಸಲದ ಕೂಲಿ ಉಳಿಯುವುದು. ಶಾಕ್ ಅಬ್ಸಾರ್ಬರನ್ನೂ ಆಗಲೇ ನೋಡತಕ್ಕದ್ದು. ಕುಸಿದ ತಿದಿಯ ಮೇಲೆ ಗಾಡಿ ಓಡಿಸಿದರೆ ರಬ್ಬರು ಕಬ್ಬಿಣದ ನಡುವೆ ಸಿಕ್ಕಿ ನುಜ್ಜಾಗಿ ಸಣ್ಣ ರಂಧ್ರವು ದೊಡ್ಡ ಹರಕಾಗುತ್ತದೆ, ಟೈರುಗಳೂ ಸವೆಯುತ್ತವೆ.

ಗಾಳಿಯ ಬ್ರೇಕುಳ್ಳ ಗಾಡಿಗಳಲ್ಲಿ ಬ್ರೇಕಿಗೂ ತಿದಿಗೂ ಗಾಳಿಯ ಮೂಲ ಒಂದೇ. ತಿದಿಯ ಕಡೆ ಸೋರಿದರೂ ಬ್ರೇಕಿನ ಗಾಳಿಯನ್ನು ಉಳಿಸುವ ರಕ್ಷಣಾ ವಾಲ್ವು ಇರುತ್ತದೆ. ಆದರೂ ಒತ್ತಡ ತೀರ ಇಳಿದರೆ ನಿಲುಗಡೆಯ ಬ್ರೇಕು ತಾನಾಗಿ ಬಿಗಿದು ಗಾಡಿ ರಸ್ತೆಯಲ್ಲಿಯೇ ನಿಲ್ಲಬಹುದು. ಒತ್ತಡದ ಎಚ್ಚರಿಕೆಯ ದೀಪ ಹೊತ್ತಿದ ಮೇಲೆ ಒಂದು ಮೈಲಿಯನ್ನೂ ಓಡಿಸಕೂಡದು.

೭. ಗಾಡಿ ಕೊಳ್ಳುವ ಮುನ್ನ

ಎಲ್ಲ ಸರಕಿಗೂ ಗಾಳಿತಿದಿ ಬೇಕಿಲ್ಲ. ಆಲೂಗೆಡ್ಡೆ, ಈರುಳ್ಳಿ, ಕುಂಬಳ, ರಾಗಿ ಮೂಟೆಗಳನ್ನು ಸಾಗಿಸುವವರಿಗೆ ಉಕ್ಕಿನ ಕಮಾನು ಪಟ್ಟಿಯೇ ಸಾಕು. ಪಟ್ಟಿ ಮುರಿದರೆ ತಾಲ್ಲೂಕಿನ ಊರಿನಲ್ಲಿಯೇ ದುರಸ್ತಿಯಾಗುವುದು. ಸಣ್ಣ ಸರಕು ಗಾಡಿಗಳು ಸಾಮಾನ್ಯವಾಗಿ ಲೋಹದ ಸ್ಪ್ರಿಂಗಿನ ಮೇಲೆಯೇ ನಿಲ್ಲುವುವು. ಸೂಕ್ಷ್ಮವಾದ ಹಣ್ಣುಹೂಗಳನ್ನು ದಿನವೂ ಸಾಗಿಸುವವರೂ, ಅಂಗಡಿಯಿಂದ ಅಂಗಡಿಗೆ ಇಳಿಸುತ್ತ ಹೋಗುವಾಗ ಹೇರು ಕಡಮೆಯಾಗುತ್ತ ಬರುವವರೂ ಗಾಳಿತಿದಿಯನ್ನು ಯೋಚಿಸಬಹುದು. ಅದಕ್ಕೂ ಮೊದಲು ಕ್ರೇಟನ್ನು ಅಂಚಿನ ಮೇಲಕ್ಕೆ ತುಂಬದಿರುವುದು, ತಳಕ್ಕೆ ಕಾಗದ ಅಥವಾ ಹುಲ್ಲು ಹಾಸುವುದು, ಕ್ರೇಟುಗಳನ್ನು ಅಲುಗದಂತೆ ಬಿಗಿಯುವುದು ಇವನ್ನು ಮಾಡಿ ನೋಡಬೇಕು. ಇವುಗಳಿಗೆ ಖರ್ಚು ಅತ್ಯಲ್ಪ.

ಕೊಳ್ಳುವಾಗ ಖಾತರಿ ಪತ್ರವನ್ನು ಓದಿಸಿ ಕೇಳಬೇಕು. ರಬ್ಬರಿನ ಭಾಗಗಳನ್ನು ಸವೆಯುವ ಪದಾರ್ಥಗಳೆಂದು ಖಾತರಿಯಿಂದ ಹೊರಗಿಡುವುದುಂಟು. ತಿದಿ, ವಾಲ್ವು, ಡ್ರೈಯರ್ ಡಬ್ಬಿ, ಕಂಪ್ರೆಸರು ಈ ನಾಲ್ಕರ ಬೆಲೆಯನ್ನೂ, ಅವು ಬೆಂಗಳೂರಿನಲ್ಲಿ ಎಷ್ಟು ದಿನದೊಳಗೆ ದೊರೆಯುವುವೆಂಬುದನ್ನೂ ಬರೆಯಿಸಿಕೊಳ್ಳತಕ್ಕದ್ದು. ದಿನಗಳ ಸಂಖ್ಯೆಯು ಬೆಲೆಯಷ್ಟೇ ಮುಖ್ಯ.

ನಗರ ಸಾರಿಗೆ ಸಂಸ್ಥೆಯ ವಿದ್ಯುತ್ ಬಸ್ಸುಗಳ ಕರಾರಿನಿಂದಲೂ ಕಲಿಯತಕ್ಕದ್ದಿದೆ. ಅಲ್ಲಿ ಬಸ್ಸನ್ನು ಒದಗಿಸಿ ನಡೆಸುವ ಕಂಪನಿಯೇ ಅದರ ದುರಸ್ತಿಯನ್ನೂ ಹೊರುತ್ತದೆ. ಸಂಸ್ಥೆಯು ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ. ನಿಂತ ಬಸ್ಸಿನಿಂದ ಕಂಪನಿಗೆ ವರಮಾನವಿಲ್ಲವಾದುದರಿಂದ ಸೋರಿಕೆಯನ್ನು ಬೇಗ ಸರಿಪಡಿಸುವುದು ಅವರಿಗೇ ಲಾಭ. ೧೯೫೯ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯು, ಒಬ್ಬೊಬ್ಬರಿಂದ ಆಗದ ಮಾರಾಟದ ಕೆಲಸವನ್ನು ಒಟ್ಟಾಗಿ ಮಾಡಬಹುದೆಂದು ತೋರಿಸಿದೆ. ಅದೇ ರೀತಿಯಲ್ಲಿ ಹತ್ತಾರು ರೈತರು ಸಂಘವಾಗಿ ಸೇರಿ, ಗಾಡಿಯನ್ನು ಕೊಳ್ಳದೆ ಕಿಲೋಮೀಟರಿನ ದರಕ್ಕೆ ಗೊತ್ತುಮಾಡಿಕೊಂಡರೆ ತಿದಿ, ಕಂಪ್ರೆಸರುಗಳ ಚಿಂತೆಯು ಅವುಗಳನ್ನು ಬಲ್ಲವರ ಪಾಲಿಗೆ ಹೋಗುವುದು. ದರವು ಸ್ವಲ್ಪ ಹೆಚ್ಚೆಂದು ಕಂಡರೂ, ಗಾಡಿ ತಪ್ಪಿದ ದಿನಕ್ಕೆ ದಂಡದ ಷರತ್ತು ಇದ್ದರೆ ಅದನ್ನು ಪರಿಶೀಲಿಸಬಹುದು.

೮. ಸಾರಾಂಶ

(೧) ವಾರಕ್ಕೊಮ್ಮೆ ರಾತ್ರಿ ಪರೀಕ್ಷೆ, ತಿಂಗಳಿಗೊಮ್ಮೆ ಸೋಪಿನ ಪರೀಕ್ಷೆ ಮಾಡಿ ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು.

(೨) ತಿದಿಯ ಪೀಠದ ಮೇಲಿನ ಮಣ್ಣುಮರಳನ್ನು ವಾರಕ್ಕೊಮ್ಮೆ ಒರೆಸಬೇಕು. ಎಣ್ಣೆ, ಗ್ರೀಸು, ಸೀಮೆಎಣ್ಣೆ ತಗಲಿಸಕೂಡದು.

(೩) ಟ್ಯಾಂಕಿನ ನೀರನ್ನು ತಯಾರಕರು ಹೇಳಿದ ಅವಧಿಗೆ ಬಿಡಬೇಕು. ನೀರು ಹೆಚ್ಚಾಗಿ ಬಂದರೆ ಡ್ರೈಯರಿನ ಡಬ್ಬಿ ಬದಲಿಸಬೇಕು.

(೪) ಕಂಪ್ರೆಸರು ಹಿಂದಿಗಿಂತ ಹೆಚ್ಚು ಸಲ ಪ್ರಾರಂಭವಾಗುತ್ತಿದೆಯೆಂದು ಚಾಲಕನು ಹೇಳಿದ ದಿನವೇ ಹುಡುಕಬೇಕು. ಸುಗ್ಗಿ ಮುಗಿಯಲೆಂದು ಕಾಯಕೂಡದು.

(೫) ಬದಲಿಸಿದ ಹಳೆಯ ಭಾಗವನ್ನು ಗ್ಯಾರೇಜಿನಿಂದ ಕೇಳಿ ಪಡೆದು, ಸೋರಿದ ಜಾಗವನ್ನು ಕಣ್ಣಾರೆ ನೋಡಬೇಕು.

ಕೆರೆಯ ಏರಿಯಲ್ಲಿ ಇಲಿಯ ಬಿಲ ಕಂಡೊಡನೆ ಒಂದು ಮಂಕರಿ ಮಣ್ಣು ಹಾಕುವ ರೈತನಿಗೆ ಈ ಬುದ್ಧಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಗಾಡಿಯ ವಿಷಯದಲ್ಲಿಯೂ ಅದೇ ಜಾಗರೂಕತೆಯನ್ನು ವಹಿಸಿದರೆ ತಿದಿಯ ಹಿತವು ಸರಕಿಗೆ ದೊರಕಿ, ಅದರ ವೆಚ್ಚವು ಮಿತಿಯಲ್ಲಿ ನಿಲ್ಲುವುದು.